ಪಲ್ಪರ್ ಹಿಂದಿನ ಗುಡ್ಡೆ: ಕಾಫಿ ಸಿಪ್ಪೆ ದನದ ಬಾಯಿಗೆ ಯಾಕೆ ಬರಲಿಲ್ಲ?

ಕೊಡಗಿನ ಮೇವಿನ ಕಥೆ | ಭಾಗ 4

ಅರೇಬಿಕಾ ಕೊಯ್ಲಿನ ಹೊತ್ತಲ್ಲಿ ಯಾವುದಾದ್ರೂ ತೋಟದ ಪಲ್ಪರ್ ಹಿಂದೆ ಹೋಗಿ ನೋಡಿ. ಕೆಂಪು ಸಿಪ್ಪೆಯ ಗುಡ್ಡೆ, ಹುಳಿ ವಾಸನೆ, ಮೇಲೆ ನೊಣ. 100 ಕೆಜಿ ಹಣ್ಣು ಹಾಕಿದ್ರೆ ಸುಮಾರು 40 ಕೆಜಿ ಇದೇ ಬರುತ್ತೆ. ನಾವು ‘ವೇಸ್ಟ್’ ಅಂತೀವಿ. ಆದ್ರೆ ಒಣಗಿಸಿ ಲೆಕ್ಕ ಹಾಕಿದ್ರೆ ಅದರಲ್ಲಿ ಸುಮಾರು 10% ಪ್ರೋಟೀನ್ ಇದೆ. ಭತ್ತದ ಹುಲ್ಲಲ್ಲಿ ಅದರ ಅರ್ಧವೂ ಇಲ್ಲ. ಮತ್ಯಾಕೆ ದನಕ್ಕೆ ಹಾಕಲಿಲ್ಲ?

ಉತ್ತರ ಹಳೇ ಕೊಟ್ಟಿಗೆಯಲ್ಲಿದೆ. ಕೊಡಗಿನಲ್ಲಿ ದನ ಸಾಕಿದ್ದು ಮುಖ್ಯವಾಗಿ ಗದ್ದೆ ಉಳೋಕೆ, ಗೊಬ್ಬರಕ್ಕೆ, ಮನೆ ಹಾಲಿಗೆ. ಮೇವು ಎಲ್ಲಿಂದ? ಗದ್ದೆಯ ಹುಲ್ಲು, ಜೊತೆಗೆ ಬಾಣೆ. ಬಾಣೆ ಅಂದ್ರೆ ಗದ್ದೆಗೆ ಅಂಟಿಕೊಂಡೇ ಬರುತ್ತಿದ್ದ ಜಾಗ: ಮೇಯಿಸೋಕೆ, ಸೊಪ್ಪಿಗೆ, ಸೌದೆಗೆ. 1854ರಲ್ಲಿ ಫೌಲರ್ ಅನ್ನೋ ಪ್ಲಾಂಟರ್ ಮಡಿಕೇರಿಯಲ್ಲಿ ಕೊಡಗಿನ ಮೊದಲ ಯುರೋಪಿಯನ್ ಕಾಫಿ ತೋಟ ಶುರು ಮಾಡಿದ. ಆಮೇಲೆ ಊರವರೂ ಕಾಫಿ ಹಾಕಿದರು, ಎಷ್ಟೋ ಬಾಣೆಗಳು ತೋಟವಾದವು. ಅಂದ್ರೆ ಕಾಫಿ ಮೇವಿನ ಜಾಗ ತಗೊಂಡಿತು, ಮೇವು ವಾಪಸ್ ಕೊಡಲಿಲ್ಲ.

ಕೊಡೋಕೆ ದಾರಿ ಇತ್ತಾ? ಇತ್ತು. ಹಸಿ ಮೇವನ್ನ ಒತ್ತಿ ತುಂಬಿ, ಗಾಳಿ ಆಡದ ಹಾಗೆ ಮುಚ್ಚಿಟ್ಟರೆ ಅದು ಹುಳಿ ಬಂದು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತೆ. ಇದೇ ಸೈಲೇಜ್, ನಮ್ಮ ರೈತರು ಹೇಳೋ ರಸಮೇವು. ಫ್ರಾನ್ಸಿನ ಆಗಸ್ಟ್ ಗೊಫಾರ್ 1877ರಲ್ಲೇ ಇದರ ಬಗ್ಗೆ ಪುಸ್ತಕ ಬರೆದಿದ್ದ.

ಕಾಫಿ ಸಿಪ್ಪೆಗೆ ಇದನ್ನ ಗಂಭೀರವಾಗಿ ಪ್ರಯೋಗ ಮಾಡಿದ್ದು ಮಧ್ಯ ಅಮೆರಿಕದವರು. ಅಲ್ಲಿ ಕಾಫಿಯೂ ಇತ್ತು, 1960ರ ದಶಕದಲ್ಲಿ ಅಮೆರಿಕಕ್ಕೆ ದನದ ಮಾಂಸದ ರಫ್ತೂ ಜೋರಾಗಿತ್ತು. ಗ್ವಾಟೆಮಾಲಾದ ‘ಇನ್‌ಕ್ಯಾಪ್’ ಪೋಷಣಾ ಸಂಸ್ಥೆಯ ರಿಕಾರ್ಡೊ ಬ್ರೆಸ್ಸಾನಿ ಮತ್ತು ಜೊತೆಗಾರರು ಸಿಪ್ಪೆಯನ್ನ ದನ, ಹಂದಿ, ಕೋಳಿಗೆ ತಿನ್ನಿಸಿ ನೋಡಿದರು. 1979ರಲ್ಲಿ ಅದೆಲ್ಲ ಪುಸ್ತಕವಾಗಿ ಬಂತು. ಸಾರ ಇಷ್ಟು: ದನದ ಮೇವಲ್ಲಿ ಒಣ ಲೆಕ್ಕದಲ್ಲಿ 20% ತನಕ ಪರವಾಗಿಲ್ಲ. ಅದು ಮೀರಿದ್ರೆ ಕೆಫೀನ್ ಮತ್ತು ಟ್ಯಾನಿನ್ ಕಾಟ. ದನ ಮೇವು ಬಿಡುತ್ತೆ, ಮೂತ್ರ ಜಾಸ್ತಿ ಹೊಯ್ಯುತ್ತೆ, ತೂಕ ಏರಲ್ಲ. ರಸಮೇವು ಮಾಡಿದ್ರೆ ಕೆಫೀನ್ ಸ್ವಲ್ಪ ಇಳಿಯುತ್ತೆ, ಪೂರ್ತಿ ಹೋಗಲ್ಲ.

ಈಗ ಮಾಂಸದ ಮಾತು. ದನದ ದೊಡ್ಡ ಹೊಟ್ಟೆಯಲ್ಲಿರೋ ಸೂಕ್ಷ್ಮಜೀವಿಗಳು ಮೇವಿನ ಎಣ್ಣೆಯನ್ನ ಬಹುಪಾಲು ಗಟ್ಟಿ ಕೊಬ್ಬಾಗಿ ಬದಲಾಯಿಸಿಬಿಡುತ್ತವೆ. ಹಾಗಾಗಿ ಮಿತಿಯೊಳಗೆ ತಿಂದ ಸಿಪ್ಪೆ ಮಾಂಸದಲ್ಲಿ ದೊಡ್ಡದಾಗಿ ಕಾಣಿಸಲ್ಲ. ಮಿತಿ ಮೀರಿದ್ರೆ ಬೆಳವಣಿಗೆ ನಿಧಾನ. ತೂಕ ಬರೋ ಹೊತ್ತಿಗೆ ವಯಸ್ಸಾಗಿರುತ್ತೆ, ಮಾಂಸ ನಾರು ನಾರು. ಹಂದಿ ಹಾಗಲ್ಲ. ತಿಂದ ಎಣ್ಣೆ ಹೆಚ್ಚುಕಮ್ಮಿ ಹಾಗೇ ಕೊಬ್ಬಿಗೆ ಇಳಿಯುತ್ತೆ. ತೌಡು ಜಾಸ್ತಿ ತಿಂದ ಹಂದಿಯ ಕೊಬ್ಬು ಮೆತ್ತಗಾಗೋದು ಇದಕ್ಕೇ. ಪಂದಿ ಕರಿ ಮಾಡೋ ಮನೆಯವರು ಇದನ್ನ ಕೈಯಲ್ಲೇ ಮುಟ್ಟಿ ಹೇಳ್ತಾರೆ!

ಹಾಗಂತ ಗ್ವಾಟೆಮಾಲಾದ ಲೆಕ್ಕವನ್ನ ಎತ್ತಿ ಇಲ್ಲಿ ಇಡೋಕಾಗಲ್ಲ. 2021ರಿಂದ ಜಾರಿಯಲ್ಲಿರೋ ಕರ್ನಾಟಕದ ಕಾನೂನಿನ ಪ್ರಕಾರ ಹಸು, ಎತ್ತು, ಕರು ಕಡಿಯೋ ಹಾಗಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ, ಅದೂ ಅನುಮತಿ ಇದ್ರೆ. ಅಷ್ಟು ವಯಸ್ಸಾದ ಪ್ರಾಣಿಯ ಮಾಂಸವನ್ನ ಯಾವ ಮೇವೂ ಮೆದು ಮಾಡಲ್ಲ. ಇಲ್ಲಿ ಸಿಪ್ಪೆಯ ರಸಮೇವು ಲೆಕ್ಕಕ್ಕೆ ಬರೋದು ಹಾಲಿನ ದನಕ್ಕೆ.

ಕಾಲವೂ ಸರಿಯಾಗಿ ಕೂಡಿ ಬರುತ್ತೆ ನೋಡಿ. ಸಿಪ್ಪೆ ಸಿಗೋದು ಡಿಸೆಂಬರ್, ಜನವರಿಯಲ್ಲಿ. ಹಸಿ ಮೇವು ಒಣಗೋದು ಅದರ ಬೆನ್ನಿಗೇ, ಹೂ ಮಳೆ ಬರೋ ತನಕ. ಈಗ ಆ ಸಿಪ್ಪೆ ಒಳ್ಳೆ ತೋಟದಲ್ಲಿ ಗೊಬ್ಬರದ ಗುಂಡಿಗೆ ಹೋಗುತ್ತೆ. ಅದೂ ತಪ್ಪಲ್ಲ. ಗುಡ್ಡೆಯಲ್ಲೇ ಬಿಟ್ಟರೆ ಮಾತ್ರ ಅದರ ಕೊಳೆ ನೀರು ತೋಡಿಗೆ, ತೋಡಿಂದ ಹೊಳೆಗೆ, ಕೊನೆಗೆ ಕಾವೇರಿಗೆ. ಆ ನೀರಿನ ಆಮ್ಲಜನಕವನ್ನ ಅದೇ ತಿಂದು ಮೀನಿಗೆ ಉಸಿರಿಲ್ಲದ ಹಾಗೆ ಮಾಡುತ್ತೆ.

ಒಂದು ಎಚ್ಚರಿಕೆ: ಇದನ್ನ ಓದಿ ನಾಳೆನೇ ಬುಟ್ಟಿ ತುಂಬ ಸಿಪ್ಪೆ ದನದ ಮುಂದೆ ಸುರಿಬೇಡಿ. ಬೂಸ್ಟು ಹಿಡಿದಿದ್ದಂತೂ ಬೇಡವೇ ಬೇಡ. ಮೊದಲು ಪಶುವೈದ್ಯರನ್ನ ಕೇಳಿ.

ನಿಮ್ಮ ಮನೆಯ ಬಾಣೆ ಯಾವಾಗ ತೋಟವಾಯ್ತು? ಅದಕ್ಕೂ ಮುಂಚೆ ಕೊಟ್ಟಿಗೆಯಲ್ಲಿ ಎಷ್ಟು ದನ ಇದ್ದವು? ಅಜ್ಜ ಅಜ್ಜಿಯನ್ನ ಕೇಳಿ ಕಾಮೆಂಟ್‌ನಲ್ಲಿ ಬರೀರಿ.

#ಕೊಡಗು #ಕಾಫಿ #ಬಾಣೆ #ರಸಮೇವು #ಮೇವಿನಕಥೆ