ವಿಕಲಚೇತನರ ಒಂಟಿ ವಿದೇಶ ಪ್ರಯಾಣ: ವೈಯಕ್ತಿಕ ಸಹಾಯಕರ ಏರ್ಪಾಡು

ವಿಕಲಚೇತನರೊಬ್ಬರು ಮನೆಮಂದಿಯನ್ನು ಜೊತೆಗೆ ಕರೆದುಕೊಳ್ಳದೆ ಓದು, ಉದ್ಯೋಗ, ಕ್ರೀಡೆ, ಯಾತ್ರೆ ಅಥವಾ ಪ್ರವಾಸಕ್ಕಾಗಿ ಹೊರದೇಶಕ್ಕೆ ಹೋಗುವಾಗ ದಿನನಿತ್ಯದ ಕೆಲಸಗಳಿಗೆ ಬೇಕಾದ ನೆರವನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳುವ ಕ್ರಮ. ಹಾಸಿಗೆಯಿಂದ ಗಾಲಿಕುರ್ಚಿಗೆ ಕೂಡಿಸುವುದು, ಸ್ನಾನ, ಶೌಚ, ಬಟ್ಟೆ, ಊಟ, ಅಂಧರಿಗೆ ದಾರಿ ತೋರುವುದು ಮತ್ತು ಬರಹ ಓದಿ ಹೇಳುವುದು, ಕಿವುಡರಿಗೆ ಸಂಜ್ಞೆ ಭಾಷೆಯಲ್ಲಿ ಮಾತು ತಲುಪಿಸುವುದು ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಯಾವ ಕೆಲಸ, ಯಾವಾಗ, ಯಾರಿಂದ, ಯಾವ ರೀತಿಯಲ್ಲಿ ಆಗಬೇಕು ಎಂಬ ತೀರ್ಮಾನ ಪ್ರಯಾಣಿಕರದ್ದೇ ಆಗಿರಬೇಕೆಂಬುದು ಈ ಏರ್ಪಾಡಿನ ಮೂಲತತ್ವ. ವಿಜಯಪುರ ನಗರದ ಸಿದ್ಧೇಶ್ವರ ಗುಡಿ ಪ್ರದೇಶ, ತಿಕೋಟಾ ಮತ್ತು ಬಬಲೇಶ್ವರ ತಾಲೂಕುಗಳಿಂದ ಹೊರಡುವವರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಿದೆ.

ಹಿನ್ನೆಲೆ

ವೈಯಕ್ತಿಕ ಸಹಾಯಕರ ಕಲ್ಪನೆ ಬೆಳೆದದ್ದು ಸ್ವತಂತ್ರ ಬದುಕಿನ ಚಳವಳಿಯಿಂದ. ಪೋಲಿಯೊದಿಂದ ಕೈಕಾಲುಗಳ ಬಲ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ ಮತ್ತು ಅವರ ಸಂಗಡಿಗರು 1972ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೊದಲ ಸ್ವತಂತ್ರ ಬದುಕಿನ ಕೇಂದ್ರ ತೆರೆದರು. ಸ್ವೀಡನ್ನಿನಲ್ಲಿ ಅಡಾಲ್ಫ್ ರಾಟ್ಸ್ಕಾ 1984ರಲ್ಲಿ ಸ್ಟಾಕ್‌ಹೋಮಿನ ಸಹಕಾರಿ ಸಂಘ ‘ಸ್ಟಿಲ್’ ಅನ್ನು ಕಟ್ಟಿದರು. ನೆರವು ಪಡೆಯುವವರೇ ಒಡೆಯರಾಗಿ ತಮ್ಮ ಸಹಾಯಕರನ್ನು ನೇಮಿಸಿಕೊಳ್ಳುವ ಪದ್ಧತಿ ಅಲ್ಲಿ ರೂಢಿಗೆ ಬಂತು. 1994ರಲ್ಲಿ ಜಾರಿಗೆ ಬಂದ ಸ್ವೀಡನ್ನಿನ ಕಾಯ್ದೆ ಇದನ್ನು ಹಕ್ಕಾಗಿ ಮಾಡಿತು. ಜಪಾನಿನ ಹಚಿಯೋಜಿಯಲ್ಲಿ 1986ರಲ್ಲಿ ಇಂಥದೇ ಕೇಂದ್ರ ಶುರುವಾಯಿತು.

ವಿಶ್ವಸಂಸ್ಥೆ 2006ರ ಡಿಸೆಂಬರ್ 13ರಂದು ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿಯು ಸಮುದಾಯದ ನಡುವೆ ಬದುಕಲು ಬೇಕಾದ ವೈಯಕ್ತಿಕ ನೆರವನ್ನು ಹೆಸರಿಸಿ ಹೇಳುತ್ತದೆ. 20ನೇ ವಿಧಿ ವೈಯಕ್ತಿಕ ಚಲನಶೀಲತೆಗೆ ಸಂಬಂಧಿಸಿದ್ದು. ಭಾರತ 2007ರ ಅಕ್ಟೋಬರ್ 1ರಂದು ಇದನ್ನು ಅನುಮೋದಿಸಿತು. 21 ಬಗೆಯ ವೈಕಲ್ಯಗಳನ್ನು ಗುರುತಿಸಿದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಕಲಮಿನಲ್ಲೂ ವೈಯಕ್ತಿಕ ನೆರವಿನ ಮಾತಿದೆ. ಹೆಚ್ಚಿನ ಆಸರೆ ಬೇಕಾದವರು ಅದಕ್ಕಾಗಿ ಅರ್ಜಿ ಹಾಕಲು 38ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಸಂಬಳದ ಸಹಾಯಕರನ್ನು ವಿದೇಶಕ್ಕೆ ಕರೆದೊಯ್ಯುವ ಖರ್ಚು ಸಾಮಾನ್ಯವಾಗಿ ಪ್ರಯಾಣಿಕರ ಮೇಲೆಯೇ ಬೀಳುತ್ತದೆ.

ವಿಜಯಪುರ ಭಾಗದ ಸ್ಥಿತಿ

ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಎತ್ತಿ ಕೂಡಿಸುವುದು, ಜಳಕ ಮಾಡಿಸುವುದು, ಉಣಿಸುವುದು ತಾಯಿ, ಹೆಂಡತಿ, ಅಕ್ಕತಂಗಿಯರು ಅಥವಾ ಅಣ್ಣತಮ್ಮಂದಿರ ಪಾಲಿಗೆ ಬಂದ ಕೆಲಸ. ವರ್ಷಾನುಗಟ್ಟಲೆ ಹೀಗೆ ನಡೆದಿರುವುದರಿಂದ ಯಾವ ಹೊತ್ತಿಗೆ ಏನು ಬೇಕೆಂಬುದನ್ನು ಬಾಯಿಬಿಟ್ಟು ಹೇಳುವ ಪ್ರಮೇಯವೇ ಬರುವುದಿಲ್ಲ. ಒಂಟಿಯಾಗಿ ವಿದೇಶಕ್ಕೆ ಹೊರಟಾಗ ಅದೇ ದೊಡ್ಡ ತೊಡಕಾಗುತ್ತದೆ: ತನ್ನ ದೇಹಕ್ಕೆ ಬೇಕಾದ ನೆರವನ್ನು ಅಪರಿಚಿತರಿಗೆ ಮಾತಿನಲ್ಲಿ ಬಿಡಿಸಿ ಹೇಳುವ ಅಭ್ಯಾಸ ಇರುವುದಿಲ್ಲ.

ಎರಡನೆಯ ತೊಡಕು ದೂರ. ಅಂತರರಾಷ್ಟ್ರೀಯ ವಿಮಾನ ಹಿಡಿಯಲು ಬೆಂಗಳೂರು, ಹೈದರಾಬಾದ್ ಅಥವಾ ಮುಂಬೈಗೆ ಹೋಗಬೇಕು. ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಬೆಂಗಳೂರಿಗೆ ಒಂದಿಡೀ ರಾತ್ರಿಯ ಹಾದಿ. ಹಾಗಾಗಿ ವಿದೇಶ ಪ್ರಯಾಣದ ಮೊದಲ ಸಹಾಯಕರು ಬೇಕಾಗುವುದು ವಿಜಯಪುರ ನಿಲ್ದಾಣದಲ್ಲಿಯೇ. ರೈಲ್ವೆಯ ರಿಯಾಯಿತಿ ಕಾರ್ಡ್ ಇರುವವರಿಗೂ ಅವರ ಜೊತೆಗಾರರೊಬ್ಬರಿಗೂ ಟಿಕೆಟ್ ದರದಲ್ಲಿ ರಿಯಾಯಿತಿ ಸಿಗುತ್ತದೆ. ದ್ವಿತೀಯ ದರ್ಜೆ, ಸ್ಲೀಪರ್ ಮತ್ತು ಮೂರನೇ ದರ್ಜೆಯ ಹವಾನಿಯಂತ್ರಿತ ಬೋಗಿಗಳಲ್ಲಿ ಇದು ಶೇ 75ರವರೆಗೆ ಇದೆ. ವಿಮಾನ ನಿಲ್ದಾಣದವರೆಗೆ ಒಬ್ಬರು ಬಂದು ಬೀಳ್ಕೊಟ್ಟು ಮರಳುವ ಏರ್ಪಾಡನ್ನು ಇದರಿಂದ ಕಡಿಮೆ ಖರ್ಚಿನಲ್ಲಿ ಮಾಡಿಕೊಳ್ಳಬಹುದು.

ಕಾಗದಪತ್ರಗಳ ಕೆಲಸ ಬಹುಮಟ್ಟಿಗೆ ಊರಿನಲ್ಲೇ ಮುಗಿಯುತ್ತದೆ. ವಿಕಲಚೇತನರ ವಿಶಿಷ್ಟ ಗುರುತಿನ (ಯುಡಿಐಡಿ) ಕಾರ್ಡಿನ ಅರ್ಜಿಗೆ ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ತಾಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ತಿಕೋಟಾ ಅಥವಾ ಬಬಲೇಶ್ವರ ಕಡೆಯ ಹಳ್ಳಿಯವರಿಗೆ ಇದು ಹತ್ತಿರದ ದಾರಿ. ಯುಡಿಐಡಿ ಭಾರತದ ದಾಖಲೆಯಾದ್ದರಿಂದ ಹೊರದೇಶದಲ್ಲಿ ಅದರ ಮೇಲೆಯೇ ರಿಯಾಯಿತಿ ಸಿಗುತ್ತದೆಂದು ನೆಚ್ಚಿಕೊಳ್ಳಬಾರದು. ವೈಕಲ್ಯದ ಸ್ವರೂಪ ತಿಳಿಸುವ ವೈದ್ಯರ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು ಜೊತೆಗಿಟ್ಟುಕೊಳ್ಳಬೇಕು.

ನೆರವಿನ ಪಟ್ಟಿ

ಏರ್ಪಾಡಿನ ಅಡಿಪಾಯವೆಂದರೆ ಒಂದು ದಿನದ ಕೆಲಸಗಳನ್ನು ಬೆಳಗಿನಿಂದ ರಾತ್ರಿಯವರೆಗೆ ಬರೆದಿಡುವುದು. ‘ಬೆಳಿಗ್ಗೆ ಎಬ್ಬಿಸಬೇಕು’ ಎಂದು ಬರೆದರೆ ಸಾಲದು. ಬೆನ್ನುಹುರಿ ಗಾಯದವರೊಬ್ಬರ ಪಟ್ಟಿ ಹೀಗಿರಬಹುದು: ಮೊದಲು ಬಲಮಗ್ಗುಲಿಗೆ ಹೊರಳಿಸಬೇಕು, ಕಾಲುಗಳನ್ನು ಮಂಚದಿಂದ ಕೆಳಗಿಳಿಸಿ ಒಂದು ನಿಮಿಷ ಹಾಗೆಯೇ ಕೂಡಿಸಬೇಕು, ಇಲ್ಲವಾದರೆ ತಲೆಸುತ್ತು ಬರುತ್ತದೆ, ಗಾಲಿಕುರ್ಚಿಯ ಎರಡೂ ಬ್ರೇಕ್ ಹಾಕಿದ್ದನ್ನು ನೋಡಬೇಕು, ತೋಳು ಹಿಡಿದು ಎಳೆಯಬಾರದು, ಸೊಂಟದ ಪಟ್ಟಿ ಹಿಡಿಯಬೇಕು, ಕೂಡಿಸಿದ ಮೇಲೆ ಪೃಷ್ಠದ ಕೆಳಗೆ ಬಟ್ಟೆಯ ನೆರಿಗೆ ಉಳಿದಿದೆಯೇ ಎಂದು ಕೈಯಾಡಿಸಿ ನೋಡಬೇಕು. ಸ್ಪರ್ಶಜ್ಞಾನ ಇಲ್ಲದ ಚರ್ಮಕ್ಕೆ ಒಂದು ನೆರಿಗೆಯೇ ಒತ್ತುಹುಣ್ಣಿಗೆ ಸಾಕು, ಆ ಹುಣ್ಣು ಇಡೀ ಪ್ರಯಾಣವನ್ನು ಮುರಿಯಬಲ್ಲದು.

ಪಟ್ಟಿಯ ಪ್ರತಿ ಕೆಲಸಕ್ಕೂ ಮೂರು ಅಂಶ ಬೇಕು: ಹಿಡಿಯುವ ಸಮಯ, ಒಬ್ಬರು ಸಾಕೇ ಇಬ್ಬರು ಬೇಕೇ ಎಂಬುದು, ಮಾಡುವವರು ಹೆಣ್ಣಾಗಿರಬೇಕೇ ಗಂಡಾಗಿರಬೇಕೇ ಎಂಬುದು. ಹೀಗೆ ಬರೆದಾಗ ಇಡೀ ದಿನ ಸಹಾಯಕರು ಬೇಕೆಂದುಕೊಂಡಿದ್ದವರಿಗೆ ಬೆಳಿಗ್ಗೆ ಎರಡು ಗಂಟೆ, ರಾತ್ರಿ ಒಂದು ಗಂಟೆ ಸಾಕೆಂದು ಗೊತ್ತಾಗುವುದುಂಟು. ಗಂಟೆಯ ಲೆಕ್ಕದಲ್ಲಿ ಹಣ ಕೊಡಬೇಕಾದ ದೇಶಗಳಲ್ಲಿ ಈ ವ್ಯತ್ಯಾಸ ದೊಡ್ಡದು. ಪಟ್ಟಿಯನ್ನು ಕನ್ನಡದಲ್ಲಿ ಬರೆದು ತಪಾಸಣೆ ಮಾಡಿ, ಆಮೇಲೆ ಇಂಗ್ಲಿಷಿಗೂ ಹೋಗುವ ದೇಶದ ಭಾಷೆಗೂ ಅನುವಾದ ಮಾಡಿಸಿಕೊಳ್ಳುವುದು ಒಳ್ಳೆಯದು.

ಸಹಾಯಕರನ್ನು ಪಡೆಯುವ ದಾರಿಗಳು

ಊರಿನಿಂದ ಕರೆದೊಯ್ಯುವುದು: ಭಾಷೆ, ಊಟ, ರೂಢಿ ಗೊತ್ತಿರುವವರು ಸಿಗುತ್ತಾರೆ. ಆದರೆ ಎರಡು ಟಿಕೆಟ್, ಎರಡು ವೀಸಾ, ಎರಡು ವಿಮೆ, ವಸತಿ, ಸಂಬಳ ಎಲ್ಲ ಸೇರಿ ಖರ್ಚು ಇಮ್ಮಡಿಗಿಂತ ಹೆಚ್ಚಾಗುತ್ತದೆ. ಸಹಾಯಕರಿಗೆ ತಮ್ಮದೇ ಹೆಸರಿನಲ್ಲಿ ವೀಸಾ ಬೇಕು. ಯಾವ ಕೆಲಸಕ್ಕೆ ಬರುತ್ತಿದ್ದಾರೆ, ಸಂಬಳ ಕೊಡುವವರು ಯಾರು ಎಂಬುದನ್ನು ಅರ್ಜಿಯಲ್ಲಿ ನಿಜವಾಗಿ ತಿಳಿಸಬೇಕು. ಒಬ್ಬರ ವೀಸಾ ತಿರಸ್ಕೃತವಾದರೆ ಪ್ರಯಾಣವೇ ನಿಲ್ಲುತ್ತದೆ.

ಅಲ್ಲಿಯೇ ಗೊತ್ತುಮಾಡುವುದು: ಮನೆ ಆರೈಕೆಯ ಏಜೆನ್ಸಿಗಳು ಗಂಟೆಯ ಲೆಕ್ಕದಲ್ಲಿ ಜನರನ್ನು ಕಳಿಸುತ್ತವೆ. ಕನಿಷ್ಠ ಎಷ್ಟು ಗಂಟೆ ತೆಗೆದುಕೊಳ್ಳಬೇಕು, ಭಾನುವಾರದ ದರ ಎಷ್ಟು, ಬಂದವರು ಹುಷಾರಿಲ್ಲವೆಂದರೆ ಬದಲಿ ಯಾರು, ಎತ್ತಿ ಕೂಡಿಸಲು ಅವರಿಗೆ ಅನುಮತಿ ಇದೆಯೇ ಎಂದು ಮೊದಲೇ ಬರಹದಲ್ಲಿ ಕೇಳಬೇಕು. ಹಲವು ದೇಶಗಳಲ್ಲಿ ಯಂತ್ರದ ಲಿಫ್ಟ್ ಇಲ್ಲದೆ ಕೈಯಿಂದ ಎತ್ತುವುದಕ್ಕೆ ಏಜೆನ್ಸಿಗಳು ಒಪ್ಪುವುದಿಲ್ಲ. ಊರಲ್ಲಿ ಅಣ್ಣ ಒಬ್ಬನೇ ಎತ್ತುತ್ತಿದ್ದವರಿಗೆ ಇದು ಹೊಸ ವಿಷಯ.

ಅಲ್ಲಿನ ವಿಕಲಚೇತನರ ಸಂಘಗಳ ಮೂಲಕ: ಸ್ವತಂತ್ರ ಬದುಕಿನ ಕೇಂದ್ರಗಳು ತಮ್ಮ ಊರಿನ ನಂಬಿಕಸ್ತ ಸಹಾಯಕರು, ಬಾಡಿಗೆಗೆ ಸಿಗುವ ಶವರ್ ಕುರ್ಚಿ ಮತ್ತು ಲಿಫ್ಟ್, ಗಾಲಿಕುರ್ಚಿಯಲ್ಲಿ ಒಳಹೋಗಲು ಬರುವ ಹೋಟೆಲುಗಳ ಬಗ್ಗೆ ನೇರ ಅನುಭವದ ಮಾಹಿತಿ ಕೊಡಬಲ್ಲವು. ಏಷ್ಯಾ-ಪೆಸಿಫಿಕ್ ವಲಯದ ವಿಕಲಚೇತನ ಯುವಜನರಿಗಾಗಿ ಜಪಾನಿನಲ್ಲಿ 1999ರಿಂದ ನಡೆಯುತ್ತಿರುವ ಡಸ್ಕಿನ್ ನಾಯಕತ್ವ ತರಬೇತಿ ಇಂಥ ಸಂಪರ್ಕಗಳಿಗೆ ಒಂದು ದಾರಿ.

ಕರೆಸಿಕೊಳ್ಳುವ ಸಂಸ್ಥೆಯ ಮೂಲಕ: ವಿಶ್ವವಿದ್ಯಾಲಯಗಳಲ್ಲಿ ವಿಕಲಚೇತನ ವಿದ್ಯಾರ್ಥಿಗಳ ಸೇವಾ ವಿಭಾಗ ಇರುತ್ತದೆ. ಓದಿ ಹೇಳುವವರು, ಟಿಪ್ಪಣಿ ಬರೆಯುವವರು, ಸಂಜ್ಞೆ ಭಾಷೆಯ ದುಭಾಷಿಗಳನ್ನು ಅದು ಒದಗಿಸಬಹುದು. ಸ್ನಾನ, ಶೌಚದಂಥ ವೈಯಕ್ತಿಕ ಕೆಲಸಗಳು ಸಾಮಾನ್ಯವಾಗಿ ಅದರ ಹೊಣೆಯೊಳಗೆ ಬರುವುದಿಲ್ಲ. ಪ್ರವೇಶ ಪತ್ರ ಕೈಸೇರಿದ ಕೂಡಲೇ ಇದನ್ನು ಬಿಡಿಸಿ ಕೇಳಬೇಕು.

ವಿದೇಶದ ಕನ್ನಡ ಸಂಘಗಳು ಮೊದಲ ದಿನದ ಊಟ, ಭಾಷೆ, ಧೈರ್ಯಕ್ಕೆ ದೊಡ್ಡ ಆಸರೆ. ದೇಹಕ್ಕೆ ಸಂಬಂಧಿಸಿದ ನಿತ್ಯದ ನೆರವನ್ನು ಮಾತ್ರ ಪರಿಚಯದ ದಾಕ್ಷಿಣ್ಯಕ್ಕೆ ಬಿಡದೆ ಸಂಬಳದ ಸಹಾಯಕರಿಗೆ ವಹಿಸುವುದು ಎರಡೂ ಕಡೆಗೆ ಗೌರವದ ದಾರಿ.

ವಿಮಾನಯಾನ

ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ವಿಮಾನ ಸಂಸ್ಥೆಗಳು ವೈಕಲ್ಯದ ಕಾರಣಕ್ಕೆ ಪ್ರಯಾಣ ನಿರಾಕರಿಸುವಂತಿಲ್ಲ. ಬೇಕಾದ ನೆರವನ್ನು ಟಿಕೆಟ್ ಮಾಡುವಾಗ ಅಥವಾ ಕನಿಷ್ಠ 48 ಗಂಟೆ ಮೊದಲು ತಿಳಿಸಬೇಕು. 2022ರ ತಿದ್ದುಪಡಿಯ ಪ್ರಕಾರ, ಪ್ರಯಾಣಿಕರ ಆರೋಗ್ಯ ಹಾರಾಟದಲ್ಲಿ ಕೆಡಬಹುದೆಂಬ ಅನುಮಾನ ಬಂದರೆ ಸಂಸ್ಥೆ ವೈದ್ಯರಿಂದ ಪರೀಕ್ಷೆ ಮಾಡಿಸಿದ ನಂತರವೇ ತೀರ್ಮಾನಕ್ಕೆ ಬರಬೇಕು. ಈ ನಿಯಮಗಳ ಹಿಂದೆ ನೋವಿನ ಚರಿತ್ರೆಯಿದೆ. ಸೆರೆಬ್ರಲ್ ಪಾಲ್ಸಿ ಇರುವ ಹೋರಾಟಗಾರ್ತಿ ಜೀಜಾ ಘೋಷ್ 2012ರ ಫೆಬ್ರುವರಿಯಲ್ಲಿ ಕೋಲ್ಕತ್ತದಿಂದ ಗೋವಾದ ಸಮ್ಮೇಳನಕ್ಕೆ ಒಬ್ಬರೇ ಹೊರಟಿದ್ದಾಗ ಅವರನ್ನು ವಿಮಾನದಿಂದ ಕೆಳಗಿಳಿಸಲಾಯಿತು. 2016ರ ಮೇ 12ರಂದು ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ನೆರವನ್ನು ಸಂಕೇತಾಕ್ಷರಗಳಲ್ಲಿ ದಾಖಲಿಸುತ್ತಾರೆ. ದೂರ ನಡೆಯಲಾಗದಿದ್ದರೂ ಮೆಟ್ಟಿಲು ಹತ್ತಬಲ್ಲವರಿಗೆ ‘ಡಬ್ಲ್ಯೂಸಿಎಚ್‌ಆರ್’, ಮೆಟ್ಟಿಲು ಹತ್ತಲಾಗದವರಿಗೆ ‘ಡಬ್ಲ್ಯೂಸಿಎಚ್‌ಎಸ್’, ಆಸನದವರೆಗೂ ಎತ್ತಿ ಒಯ್ಯಬೇಕಾದವರಿಗೆ ‘ಡಬ್ಲ್ಯೂಸಿಎಚ್‌ಸಿ’. ಬರೀ ‘ವೀಲ್‌ಚೇರ್ ಬೇಕು’ ಎಂದರೆ ಮೊದಲನೆಯದನ್ನೇ ಬರೆದುಕೊಂಡು ಬಿಡುವ ಸಾಧ್ಯತೆ ಇರುವುದರಿಂದ ಸಂಕೇತವನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ವಿಮಾನದೊಳಗಿನ ನೆರವಿಗೆ ಮಿತಿಯಿದೆ. ಅಮೆರಿಕದ ನಿಯಮಗಳ ಪ್ರಕಾರ ಸಿಬ್ಬಂದಿ ಊಟದ ಪೊಟ್ಟಣ ಬಿಚ್ಚಿಕೊಡಬೇಕು, ಕಿರಿದಾದ ಗಾಲಿಕುರ್ಚಿಯಲ್ಲಿ ಶೌಚಾಲಯದ ಬಾಗಿಲವರೆಗೆ ಒಯ್ಯಬೇಕು. ಉಣಿಸುವುದು, ಶೌಚಾಲಯದೊಳಗೆ ನೆರವಾಗುವುದು, ಔಷಧ ಕೊಡುವುದು ಅವರ ಕರ್ತವ್ಯವಲ್ಲ. ತುರ್ತು ಸಂದರ್ಭದಲ್ಲಿ ತಾವಾಗಿ ಹೊರಬರಲಾಗದವರಿಗೆ ಜೊತೆಗಾರರು ಬೇಕೆಂದು ಸಂಸ್ಥೆ ಕೇಳಬಹುದು. ಒಂಟಿಯಾಗಿ ಹೋಗಬಲ್ಲೆನೆಂಬ ಪ್ರಯಾಣಿಕರ ಮಾತನ್ನು ಒಪ್ಪದೆ ಹಾಗೆ ಕೇಳಿದರೆ ಆ ಜೊತೆಗಾರರ ಟಿಕೆಟ್ಟಿಗೆ ಹಣ ಪಡೆಯುವಂತಿಲ್ಲ. ಯುರೋಪಿನ ಒಕ್ಕೂಟದಲ್ಲಿ 2006ರ 1107ನೇ ನಿಯಮಾವಳಿಯಂತೆ ನಿಲ್ದಾಣದೊಳಗಿನ ನೆರವು ಉಚಿತ. ಅದರ ಹೊಣೆ ವಿಮಾನ ನಿಲ್ದಾಣದ ಆಡಳಿತದ್ದು.

ವಿದ್ಯುತ್ ಗಾಲಿಕುರ್ಚಿಯ ಬ್ಯಾಟರಿ ಯಾವ ಬಗೆಯದು, ಎಷ್ಟು ವ್ಯಾಟ್-ಅವರ್ ಎಂಬ ವಿವರ ಬರಹದಲ್ಲಿರಬೇಕು. ಕುರ್ಚಿಯಿಂದ ತೆಗೆಯಲು ಬರುವ ಲಿಥಿಯಂ ಬ್ಯಾಟರಿಗೆ ಸಾಮಾನ್ಯ ಮಿತಿ 300 ವ್ಯಾಟ್-ಅವರ್. ಅದನ್ನು ಕೈಚೀಲದೊಂದಿಗೆ ಒಳಗೇ ಒಯ್ಯಬೇಕು. ಕುರ್ಚಿಗೆ ಪೆಟ್ಟಾದರೆ ಸಿಗುವ ಪರಿಹಾರಕ್ಕೆ ಮಾಂಟ್ರಿಯಲ್ ಒಪ್ಪಂದದಲ್ಲಿ ಮಿತಿಯಿದೆ. ದುಬಾರಿ ಕುರ್ಚಿಯಾದರೆ ಚೆಕ್-ಇನ್ ವೇಳೆ ಅದರ ಬೆಲೆಯ ವಿಶೇಷ ಘೋಷಣೆ ಮಾಡಬಹುದು. ಕಣ್ಣಿಗೆ ಕಾಣದ ವೈಕಲ್ಯ ಇರುವವರಿಗೆ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ ನೆರವಾಗುತ್ತದೆ. 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣದಲ್ಲಿ ಆರಂಭವಾದ ಈ ಪದ್ಧತಿ ಈಗ ಹಲವು ದೇಶಗಳ ನಿಲ್ದಾಣಗಳಲ್ಲಿದೆ.

ಹಜ್ ಮತ್ತು ಉಮ್ರಾ ಯಾತ್ರೆ

ವಿಜಯಪುರ ಭಾಗದ ಮುಸ್ಲಿಂ ಕುಟುಂಬಗಳಿಗೆ ಹೆಚ್ಚು ಪರಿಚಿತವಾದ ವಿದೇಶ ಪ್ರಯಾಣ ಇದು. ಬಾಡಿಗೆ ನೆರವಿನ ಸುವ್ಯವಸ್ಥಿತ ರೂಪವನ್ನೂ ಇಲ್ಲಿ ಕಾಣಬಹುದು. ಮೆಕ್ಕಾದ ಮಸ್ಜಿದುಲ್ ಹರಾಮಿನಲ್ಲಿ ಗಾಲಿಕುರ್ಚಿಗಳೂ ವಿದ್ಯುತ್ ಗಾಡಿಗಳೂ ದೊರೆಯುತ್ತವೆ. ಪರವಾನಗಿ ಪಡೆದವರು ನಿಗದಿತ ಹಣ ಪಡೆದು ತವಾಫ್ (ಕಾಬಾ ಪ್ರದಕ್ಷಿಣೆ) ಮತ್ತು ಸಈ (ಸಫಾ-ಮರ್ವಾ ನಡುವಿನ ನಡಿಗೆ) ಮುಗಿಯುವವರೆಗೆ ಕುರ್ಚಿ ತಳ್ಳುತ್ತಾರೆ. ಸಫಾ-ಮರ್ವಾ ನಡುವೆ ಗಾಲಿಕುರ್ಚಿಗಳಿಗೆಂದೇ ಬೇರೆ ಹಾದಿಯಿದೆ. ಈ ನೆರವು ಮಸೀದಿಯೊಳಗಿನದು. ವಸತಿಯ ಕೋಣೆಯಲ್ಲಿ ವುಜೂ (ನಮಾಜಿಗೆ ಮುಂಚಿನ ಅಂಗಶುದ್ಧಿ), ಸ್ನಾನ, ಯಾತ್ರೆಯ ಉಡುಪಾದ ಇಹ್ರಾಮ್ ಉಡುವುದಕ್ಕೆ ಬೇಕಾದ ಕೈಯನ್ನು ಬೇರೆಯಾಗಿ ಗೊತ್ತುಮಾಡಬೇಕು. ಹಜ್ ಸಮಿತಿಯ ಮೂಲಕ ಹೋಗುವವರು ಜೊತೆಗಾರರ ಬಗ್ಗೆ ಆಯಾ ವರ್ಷದ ಮಾರ್ಗಸೂಚಿಯನ್ನು ನೋಡಿಕೊಂಡೇ ಅರ್ಜಿ ಹಾಕಬೇಕು.

ಕರ್ನಾಟಕದ ಕ್ರೀಡಾಪಟುಗಳ ಉದಾಹರಣೆ

ಕನ್ನಡನಾಡಿನ ವಿಕಲಚೇತನರು ಪದೇ ಪದೇ ಹೊರದೇಶಕ್ಕೆ ಹೋದದ್ದು ಕ್ರೀಡೆಯ ಮೂಲಕ. ಎಳವೆಯಲ್ಲೇ ಪೋಲಿಯೊಗೆ ತುತ್ತಾದ ಮಾಲತಿ ಹೊಳ್ಳ 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಿಂದ ಹಲವು ಕೂಟಗಳಲ್ಲಿ ಗಾಲಿಕುರ್ಚಿಯಲ್ಲಿ ಸ್ಪರ್ಧಿಸಿದರು. 2001ರಲ್ಲಿ ಪದ್ಮಶ್ರೀ ಪಡೆದರು. ಚಿಕ್ಕಮಗಳೂರು ಜಿಲ್ಲೆಯ ಅಂಧ ಓಟಗಾರ್ತಿ ರಕ್ಷಿತಾ ರಾಜು 2018ರ ಜಕಾರ್ತ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1,500 ಮೀಟರ್ ಓಟದ ಚಿನ್ನ ಗೆದ್ದರು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಓಡಿದರು. ಅವರ ವಿಭಾಗದಲ್ಲಿ ಮಾರ್ಗದರ್ಶಿ ಓಟಗಾರರು ಕಡ್ಡಾಯ. ಇಬ್ಬರನ್ನೂ ಒಂದು ಸಣ್ಣ ಹಗ್ಗ ಜೋಡಿಸಿರುತ್ತದೆ. ಮಾರ್ಗದರ್ಶಿ ಎಳೆಯುವಂತಿಲ್ಲ, ಗೆರೆಯನ್ನು ಮೊದಲು ದಾಟುವಂತಿಲ್ಲ. ಓಟ ಓಟಗಾರ್ತಿಯದ್ದೇ, ಮಾರ್ಗದರ್ಶಿ ಅದಕ್ಕೆ ಹೊಂದಿಕೊಳ್ಳುವವರು ಎಂಬ ಈ ನಿಯಮವನ್ನು ವೈಯಕ್ತಿಕ ಸಹಾಯಕರ ಕೆಲಸಕ್ಕೂ ಹಾಗೆಯೇ ಅನ್ವಯಿಸಬಹುದು.

ಶಿವಮೊಗ್ಗದ ಶೇಖರ್ ನಾಯ್ಕ್ ನಾಯಕರಾಗಿದ್ದ ಅಂಧರ ಕ್ರಿಕೆಟ್ ತಂಡ ಇನ್ನೊಂದು ಮಾದರಿ. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು, ಉಳಿದವರಿಗೆ ಅಲ್ಪಸ್ವಲ್ಪ ದೃಷ್ಟಿ ಇರುತ್ತದೆ. ಇಂಥ ತಂಡ ಹೊರದೇಶಕ್ಕೆ ಹೋದಾಗ ಕಾಣುವವರು ಕಾಣದವರಿಗೆ ಕೈಯಾಗಬಲ್ಲರು.

ಔಷಧ, ವಿಮೆ, ಹಣ

ಔಷಧಗಳನ್ನು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ನರದ ನೋವಿಗೆ ಇಲ್ಲಿ ಸಾಮಾನ್ಯವಾಗಿ ಬರೆದುಕೊಡುವ ಪ್ರಿಗ್ಯಾಬಲಿನ್, ಟ್ರಾಮಡಾಲ್‌ನಂಥವು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಯಂತ್ರಿತ ಔಷಧಗಳು. ಮುಂಗಡ ಅನುಮತಿ ಬೇಕಾಗುತ್ತದೆ. ಷೆಂಗೆನ್ ದೇಶಗಳ ವೀಸಾಕ್ಕೆ ಕನಿಷ್ಠ 30,000 ಯುರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಮೊದಲೇ ಇರುವ ಕಾಯಿಲೆ, ಗಾಲಿಕುರ್ಚಿಯ ಹಾನಿ, ಸಹಾಯಕರು ಹುಷಾರು ತಪ್ಪಿದರೆ ಬದಲಿ ಜನರ ಖರ್ಚು ವಿಮೆಯಲ್ಲಿ ಸೇರಿವೆಯೇ ಎಂದು ಷರತ್ತುಗಳನ್ನು ಓದಿ ನೋಡಬೇಕು. ಸಹಾಯಕರೊಂದಿಗೆ ದರ, ಕೆಲಸದ ವೇಳೆ, ರಜೆ, ಬಿಡುಗಡೆಯ ಷರತ್ತುಗಳನ್ನು ಬರೆದ ಒಪ್ಪಂದ ಇರಬೇಕು.

ಸುರಕ್ಷತೆ ಮತ್ತು ಪೂರ್ವಾಭ್ಯಾಸ

ಅಪರಿಚಿತರ ಕೈಗೆ ದೇಹವನ್ನು ಒಪ್ಪಿಸುವ ವಿಷಯವಾದ್ದರಿಂದ, ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ, ಸಹಾಯಕರೊಡನೆ ಹೊರಡುವ ಮುನ್ನ ವಿಡಿಯೊ ಕರೆಯಲ್ಲಿ ಮಾತಾಡುವುದು, ಅವರು ಹಿಂದೆ ನೆರವಾದವರನ್ನು ವಿಚಾರಿಸುವುದು, ಪಾಸ್‌ಪೋರ್ಟ್ ಮತ್ತು ಬ್ಯಾಂಕ್ ಕಾರ್ಡನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು ಅಗತ್ಯ. ಬೇಡವೆನ್ನಿಸಿದ ಕ್ಷಣ ಸಹಾಯಕರನ್ನು ಬಿಡಿಸಲು ಸಾಧ್ಯವಾಗಬೇಕಾದರೆ ಎರಡನೆಯ ಹೆಸರೊಂದು ಕೈಯಲ್ಲಿರಬೇಕು.

ಏರ್ಪಾಡು ಕುಸಿಯುವುದು ಹೆಚ್ಚಾಗಿ ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವ ಜಾಗದಲ್ಲಿ: ರೈಲಿನಿಂದ ಟ್ಯಾಕ್ಸಿಗೆ, ಒಂದು ವಿಮಾನದಿಂದ ಇನ್ನೊಂದಕ್ಕೆ, ನಿಲ್ದಾಣದ ಬಾಗಿಲಿನಿಂದ ಹೋಟೆಲಿಗೆ. ಆದ್ದರಿಂದ ವಿದೇಶಕ್ಕೆ ಮೊದಲು ಒಂದು ದೇಶೀಯ ಪ್ರಯಾಣವನ್ನು ಇದೇ ಕ್ರಮದಲ್ಲಿ ಮಾಡಿನೋಡುವುದು ಉತ್ತಮ. ವಿಜಯಪುರದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ, ಮನೆಯವರಲ್ಲದ ಸಹಾಯಕರ ನೆರವಿನಿಂದ ಎರಡು ರಾತ್ರಿ ಉಳಿದು ಬಂದರೆ ಪಟ್ಟಿಯಲ್ಲಿ ಬಿಟ್ಟುಹೋದದ್ದು ತಾನಾಗಿ ತಿಳಿಯುತ್ತದೆ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಮತ್ತು 1994ರ ಮೊಬಿಲಿಟಿ ಇಂಡಿಯಾ ಸಂಸ್ಥೆಗಳು ಪುನರ್ವಸತಿ ಮತ್ತು ಸಾಧನಗಳ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವುದರಿಂದ ಅದೇ ಪ್ರಯಾಣದಲ್ಲಿ ಗಾಲಿಕುರ್ಚಿಯ ಅಳತೆ ಮತ್ತು ದುರಸ್ತಿಯ ಬಗ್ಗೆಯೂ ಸಲಹೆ ಪಡೆಯಬಹುದು. ಹೀಗೆ ತಿದ್ದಿದ ಪಟ್ಟಿಯ ಒಂದು ಪ್ರತಿಯನ್ನು ಹಿಂತಿರುಗಿದ ಮೇಲೆ ತಾಲೂಕಿನ ಪುನರ್ವಸತಿ ಕಾರ್ಯಕರ್ತರಲ್ಲಿ ಬಿಟ್ಟರೆ ಮುಂದೆ ಹೊರಡುವವರು ಅಲ್ಲಿಂದಲೇ ಶುರುಮಾಡಬಹುದು.