ಸಂಬಳವೆಂಬ ದಾರಿಯ ಬುತ್ತಿ



ತಿಂಗಳ ಮೊದಲ ವಾರ ಬಂತೆಂದರೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ‘ಸ್ಯಾಲರಿ’. ಈ ಇಂಗ್ಲಿಷ್ ಪದದ ಮೂಲ ಲ್ಯಾಟಿನ್ ಭಾಷೆಯ ‘ಸಲಾರಿಯುಂ’. ಅದರ ಬೇರು ‘ಸಾಲ್’, ಅಂದರೆ ಉಪ್ಪು. ರೋಮಿನ ಸೈನಿಕರಿಗೆ ಹಣದ ಬದಲು ಉಪ್ಪನ್ನೇ ಅಳೆದು ಕೊಡುತ್ತಿದ್ದರೆಂಬ ಕಥೆ ಜನಪ್ರಿಯವಾಗಿದ್ದರೂ ಅದಕ್ಕೆ ಪ್ರಾಚೀನ ದಾಖಲೆಗಳ ಆಧಾರವಿಲ್ಲ. ಪದಕ್ಕೂ ಉಪ್ಪಿಗೂ ಇರುವ ನಂಟು ಮಾತ್ರ ನಿಜ. ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎನ್ನುವ ನಮಗೆ ಈ ನಂಟು ಅಪರಿಚಿತವಲ್ಲ.

ನಮ್ಮ ‘ಸಂಬಳ’ ಎಂಬ ಪದ ಇನ್ನೂ ಅರ್ಥಪೂರ್ಣವಾದುದು. ಸಂಸ್ಕೃತದ ‘ಶಂಬಲ’ದಿಂದ ಬಂದ ಇದರ ಮೂಲಾರ್ಥ, ಪ್ರಯಾಣಿಕನು ಕಟ್ಟಿಕೊಂಡು ಹೋಗುವ ಬುತ್ತಿ. ಮರಣಾಸನ್ನರಿಗೆ ಧರ್ಮಸಭೆ ನೀಡುವ ಪರಮಪ್ರಸಾದವನ್ನು ಲ್ಯಾಟಿನ್ನಿನಲ್ಲಿ ‘ವಿಯಾತಿಕುಂ’ ಎನ್ನುತ್ತಾರೆ. ಅದರ ಅರ್ಥವೂ ದಾರಿಯ ಬುತ್ತಿಯೇ. ಬುತ್ತಿಗೆ ಎರಡು ಅಳತೆಗಳುಂಟು: ಅದು ದಾರಿ ಮುಗಿಯುವ ಮುನ್ನ ತೀರಬಾರದು, ಹೊರಲಾರದಷ್ಟು ಭಾರವೂ ಆಗಬಾರದು. ಈ ಎರಡು ಅಳತೆಗಳನ್ನೂ ನಮ್ಮ ರಾಯಚೂರು ಸೀಮೆಯ ಇತಿಹಾಸವೇ ನಮಗೆ ಕಲಿಸುತ್ತದೆ.

ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಕಲ್ಯಾಣಕ್ಕೆ ಹೋಗಿ ನೆಲಸಿದ ಮಾರಯ್ಯನ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಈ ಅತಿಯಾಸೆ ನಮಗೆ ತಕ್ಕುದಲ್ಲವೆಂದು ಹೇಳಿ, ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದಳು. ಮರುಭೂಮಿಯಲ್ಲಿ ಇಸ್ರಯೇಲರು ನಾಳೆಗೆಂದು ಕೂಡಿಟ್ಟ ಮನ್ನಾ ಹುಳು ಬಿದ್ದು ನಾರಿತೆಂಬುದನ್ನು ಬಲ್ಲ ನಮಗೆ, ಅನುದಿನದ ಆಹಾರವನ್ನಷ್ಟೇ ಬೇಡಲು ಪ್ರಭುವಿನಿಂದ ಕಲಿತ ನಮಗೆ, ಲಕ್ಕಮ್ಮ ಹೊರಗಿನವಳೆನಿಸುವಳೇ?

ಆದರೆ ಈ ಪಾಠವನ್ನು ಬಡವರಿಗೆ ಮಾತ್ರ ಬೋಧಿಸಿದರೆ ಅದು ಅನ್ಯಾಯ. ಲಕ್ಕಮ್ಮ ಹಿಂತಿರುಗಿಸಿದ್ದು ತನ್ನ ಪಾಲಿನ ಹೆಚ್ಚಳವನ್ನೇ ಹೊರತು ಇತರರ ಪಾಲನ್ನಲ್ಲ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಸಿಂಧನೂರಿನ ಬಯಲನ್ನು ಭತ್ತದ ಕಣಜವಾಗಿಸಿತು. ನೀರು ತಲುಪದ ಊರುಗಳ ಜನ ಮಾತ್ರ ದುಡಿಮೆ ಅರಸಿ ಗುಳೆ ಹೋಗುತ್ತಲೇ ಬಂದಿದ್ದಾರೆ. ಹಸಿದವನು ಕೊಟ್ಟಷ್ಟು ಕೂಲಿಗೆ ಒಪ್ಪುತ್ತಾನೆ. ‘ಒಪ್ಪಿಕೊಂಡೇ ಬಂದಿದ್ದಾನಲ್ಲ’ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ತಮ್ಮ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ಈ ಸಮಾಧಾನವನ್ನೇ ಪ್ರಶ್ನಿಸಿದರು. ಅಗತ್ಯ ಅಥವಾ ಭಯಕ್ಕೆ ಮಣಿದು ಒಪ್ಪಿದ ಮಾತ್ರಕ್ಕೆ ಅಲ್ಪಕೂಲಿ ನ್ಯಾಯವಾಗದು, ಮಿತವಾಗಿ ಬದುಕುವ ಕಾರ್ಮಿಕನ ಜೀವನಕ್ಕೆ ಅದು ಸಾಲಬೇಕು ಎಂದು ಸ್ಪಷ್ಟಪಡಿಸಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಳ್ಳಲು ಈ ಪತ್ರವೂ ಒಂದು ಮುಖ್ಯ ಕಾರಣವೆಂದು ತಾವೇ ಹೇಳಿದ್ದಾರೆ.

ಇನ್ನು ಮಸ್ಕಿ. 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರ್ ಬೀಡನ್ ಅವರು ಅಲ್ಲಿ ಕಂಡದ್ದು ಅಶೋಕನ ಶಾಸನವನ್ನು. ದೇವಾನಾಂಪ್ರಿಯ ಎಂಬ ಅರಸನು ಅಶೋಕನೇ ಎಂಬುದನ್ನು ಸ್ಥಿರಪಡಿಸಿದ ಕಲ್ಲು ಅದು. ಧರ್ಮದ ಫಲವು ದೊಡ್ಡವರಿಗಷ್ಟೇ ಮೀಸಲಲ್ಲ, ಧರ್ಮದಲ್ಲಿ ನಡೆಯುವ ಸಾಮಾನ್ಯನೂ ಅದನ್ನು ಪಡೆಯಬಲ್ಲನೆಂಬುದು ಅದರ ಸಂದೇಶ. ಆ ಕಲ್ಲಿನ ಸುತ್ತಣ ಹೊಲಗಳಲ್ಲಿಯೇ ಹೆಣ್ಣಾಳಿಗೊಂದು ಲೆಕ್ಕ, ಗಂಡಾಳಿಗೊಂದು ಲೆಕ್ಕ ನಡೆದುಬಂದಿತು. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾನೂನು ನಮ್ಮ ದೇಶಕ್ಕೆ ಬಂದದ್ದು 1976ರಲ್ಲಿ. ಆದರೆ ಕಾನೂನು ಬಂದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ.

ಪ್ರಿಯರೇ, ನಾವು ಸಂಬಳ ಪಡೆಯುವವರು ಮಾತ್ರವಲ್ಲ, ಕೊಡುವವರೂ ಹೌದು. ಪಾತ್ರೆ ತೊಳೆಯುವ ತಾಯಿ, ಗೋಡೆ ಕಟ್ಟುವ ಗೌಂಡಿ, ಹೊಲದ ಆಳು ನಮ್ಮ ಬಾಗಿಲಲ್ಲಿ ಕಾಯುತ್ತಾರೆ. ಬಡ ಕೂಲಿಯವನ ಹಣವನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂಬುದು ಧರ್ಮೋಪದೇಶಕಾಂಡದ ಆಜ್ಞೆ. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರು ಎಚ್ಚರಿಸುತ್ತಾರೆ. ‘ನಾಳೆ ಬಾ’ ಎನ್ನುವ ಮುನ್ನ ಒಂದು ಕ್ಷಣ ಯೋಚಿಸೋಣ: ನಾವು ತಡೆಹಿಡಿಯುತ್ತಿರುವುದು ಯಾರ ಮಕ್ಕಳ ಇಂದಿನ ಬುತ್ತಿಯನ್ನು?