ಇಂಡಿ ಸೀಮೆಯ ವಾಲ್ವ್ ರೇಡಿಯೊ: ಮೂಲ ಪತ್ತೆ ಹಚ್ಚುವ ಬಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಹಡಗಿನಲ್ಲಿ ಮುಂಬಯಿಗೆ ಬಂದಿಳಿದ ಸರಕಿಗೆ ಸೊಲ್ಲಾಪುರದ ಪೇಟೆ, ಅಲ್ಲಿಂದ ಇಂಡಿ ರೋಡ್ ನಿಲ್ದಾಣದ ರೈಲು ಹತ್ತಿರದ ದಾರಿ. ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರ ಜನವರಿ 8ರಂದು. 1952ರ ಹೊತ್ತಿಗೆ ಆಕಾಶವಾಣಿ ಸಿನಿಮಾ ಹಾಡಿಗೆ ಬಾಗಿಲು ಹಾಕಿದಾಗ ಕೇಳುಗರು ರೇಡಿಯೊ ಸಿಲೋನಿನತ್ತ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಬಂದ ಮೇಲೂ ಶಾರ್ಟ್ ವೇವ್ ಚೆನ್ನಾಗಿ ಹಿಡಿಯುವ ಸೆಟ್ಟಿನ ಮಾನ ತಗ್ಗಲಿಲ್ಲ.

ರಫ್ತಿನ ಸೆಟ್ಟಿನ ಗುರುತು

ಯುರೋಪಿನ ಮನೆಬಳಕೆಯ ರೇಡಿಯೊದಲ್ಲಿ ಸಾಮಾನ್ಯವಾಗಿ ಲಾಂಗ್ ವೇವ್ ಇರುತ್ತಿತ್ತು. ನಮ್ಮಲ್ಲಿ ಆ ಪ್ರಸಾರವೇ ಇರಲಿಲ್ಲ. ಹಾಗಾಗಿ ರಫ್ತಿನ ಸೆಟ್ಟುಗಳಲ್ಲಿ ಅದನ್ನು ಕೈಬಿಟ್ಟು ಎರಡು, ಮೂರು ಅಥವಾ ಅದಕ್ಕೂ ಹೆಚ್ಚು ಶಾರ್ಟ್ ವೇವ್ ಪಟ್ಟಿಗಳನ್ನು ಕೊಡುತ್ತಿದ್ದರು. ತೇವ ತಟ್ಟದಂತೆ ಕಾಯಿಲ್, ಟ್ರಾನ್ಸ್‌ಫಾರ್ಮರುಗಳಿಗೆ ಮೇಣ ಇಲ್ಲವೇ ವಾರ್ನಿಷ್ ಬಳಿಯುತ್ತಿದ್ದರು. ನಮ್ಮ ಬಿಸಿಲುನಾಡಿನಲ್ಲಿ ಅವುಗಳ ವೈರಿ ತೇವವಲ್ಲ, ದೂಳು ಮತ್ತು ಗೆದ್ದಲು.

ಹೆಸರು ವಿದೇಶಿ ಎಂದಮಾತ್ರಕ್ಕೆ ಸೆಟ್ಟು ವಿದೇಶಿಯಲ್ಲ. ಸ್ವಾತಂತ್ರ್ಯಾನಂತರ ಆಮದು ಬಿಗಿಯಾಗಿ, ವಿದೇಶಿ ಕಂಪನಿಗಳ ಸೆಟ್ಟುಗಳನ್ನು ಇಲ್ಲಿಯೇ ಜೋಡಿಸತೊಡಗಿದರು. ಮರದ ಪಾಲಿಶ್ ನೋಡಿ ಮರುಳಾಗುವ ಮೊದಲು ಹಿಂದಿನ ರಟ್ಟನ್ನು ಓದಿ: ಹಾಲೆಂಡ್, ಇಂಗ್ಲೆಂಡ್ ಅಥವಾ ಭಾರತ ಎಂದು ಅಲ್ಲಿ ಮುದ್ರಿಸಿರುತ್ತದೆ. ಆ ರಟ್ಟೇ ಕಳೆದಿದ್ದರೆ ಬೆಲೆ ಇಳಿಸಿಯೇ ಕೇಳಿ. ಅಂಚೆ ಕಚೇರಿಯ ರೇಡಿಯೊ ಲೈಸೆನ್ಸ್ ಪುಸ್ತಕವೂ ಜೊತೆಗೆ ಸಿಕ್ಕರೆ, ಸೆಟ್ಟಿನ ವಯಸ್ಸು ಅಂದಾಜಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ವಾಲ್ವಿನ ಅಕ್ಷರಗಳು

ಯುರೋಪಿನ ವಾಲ್ವುಗಳ ಮೊದಲ ಅಕ್ಷರ ವಿದ್ಯುತ್ತಿನ ಕಥೆ ಹೇಳುತ್ತದೆ. ಇಸಿಎಚ್ 81, ಇಎಲ್ 84ರಲ್ಲಿ 'ಇ' ಎಂದರೆ 6.3 ವೋಲ್ಟ್ ಹೀಟರ್, ಇವು ಎ.ಸಿ. ಸೆಟ್ಟಿನವು. ಯುಸಿಎಚ್ 81, ಯುಎಲ್ 84ರಂಥವುಗಳ ಹೀಟರುಗಳು ಸರಪಣಿಯಾಗಿ ಒಂದರ ಹಿಂದೊಂದು ಜೋಡಿಸಿದವು, ಎ.ಸಿ., ಡಿ.ಸಿ. ಎರಡಕ್ಕೂ ಆಗುತ್ತವೆ. ಡಿಕೆ 96, ಡಿಎಲ್ 96 ಬ್ಯಾಟರಿಯವು. ಕರೆಂಟ್ ಕಾಣದ ಹಳ್ಳಿಗಳಿಗೆ ಹೊಂದುತ್ತಿದ್ದುದು ಈ ಬಗೆಯೇ. ಆದರೆ ಫಿಲಮೆಂಟಿಗೆ ಒಂದೂವರೆ ವೋಲ್ಟು, ಉಳಿದುದಕ್ಕೆ ಸುಮಾರು 90 ವೋಲ್ಟಿನ ಬ್ಯಾಟರಿ ಬೇಕು. ಇಂದು ಆ ದೊಡ್ಡ ಬ್ಯಾಟರಿ ಅಂಗಡಿಯಲ್ಲಿ ಸಿಗದು; 9 ವೋಲ್ಟಿನ ಹತ್ತು ಸೆಲ್ ಸಾಲಾಗಿ ಜೋಡಿಸಿಕೊಳ್ಳಬೇಕು.

ಪ್ಲಗ್ ಹಾಕುವ ಮುನ್ನ

ಅಟ್ಟದಿಂದ ಇಳಿಸಿದ ಸೆಟ್ಟಿಗೆ ನೇರವಾಗಿ ಕರೆಂಟ್ ಕೊಡಬೇಡಿ. ಹಳೆಯ ಕಾಗದದ ಕೆಪಾಸಿಟರುಗಳು ಸೋರಿ ಔಟ್‌ಪುಟ್ ವಾಲ್ವನ್ನೂ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಬಿಡುತ್ತವೆ. ಅವನ್ನೂ ಫಿಲ್ಟರ್ ಕೆಪಾಸಿಟರುಗಳನ್ನೂ ಬದಲಿಸಿ, ಸೀರೀಸ್ ಬಲ್ಬಿನ ಮೂಲಕ ಪರೀಕ್ಷಿಸಬೇಕು. 'ಯು' ವಾಲ್ವಿನ ಸೆಟ್ಟುಗಳಲ್ಲಿ ತಗಡಿನ ಚಾಸಿಗೇ ಮೇನ್ಸ್ ಹರಿದಿರಬಹುದು, ಮುಟ್ಟಿದರೆ ಜೀವಕ್ಕೆ ಅಪಾಯ. ಹೊಸಬರು ಇಂಥದನ್ನು ಕೊಳ್ಳದಿರುವುದೇ ಲೇಸು.

ದುರಸ್ತಿಯಾದ ಮೇಲೆ ಧಾರವಾಡ ಹುಡುಕುವವರಿಗೆ ಒಂದು ಸೂಚನೆ: ಅದರ ಮೀಡಿಯಂ ವೇವ್ 765 ಕಿಲೋಹರ್ಟ್ಸ್. ಹಳೆಯ ಡಯಲ್ ಮೀಟರಿನಲ್ಲಿದ್ದರೆ ಮುಳ್ಳನ್ನು 392ರ ಹತ್ತಿರ ನಿಲ್ಲಿಸಿ.